ರಾತ್ರಿ ಬೀದಿಯ ಚಿತ್ರ ಕಪ್ಪು-ಬಿಳುಪಿಗೆ ತಂದೊಡನೆ ಮಂಕಾಗುವುದೇಕೆ?

ಪ್ರಶ್ನೆ: ರಾತ್ರಿ ಹೊತ್ತು ಬೀದಿಯಲ್ಲಿ ತೆಗೆದ ಚಿತ್ರಗಳು ಬಣ್ಣದಲ್ಲಿ ಚೆನ್ನಾಗಿಯೇ ಕಾಣುತ್ತವೆ. ಅವನ್ನೇ ಕಪ್ಪು-ಬಿಳುಪಿಗೆ ಬದಲಾಯಿಸಿದರೆ ಎಲ್ಲವೂ ಒಂದೇ ಬೂದು ಬಣ್ಣಕ್ಕೆ ತಿರುಗುತ್ತದೆ. ಕಾಂಟ್ರಾಸ್ಟ್ ಹೆಚ್ಚಿಸಲು ಹೋದರೆ ದೀಪಗಳು ಬೆಳ್ಳಗೆ ಸುಟ್ಟುಹೋಗಿ ಮುಖಗಳು ಕತ್ತಲಲ್ಲಿ ಮುಳುಗುತ್ತವೆ. ಇದನ್ನು ಸರಿಯಾಗಿ ಮಾಡುವ ಕ್ರಮ ಯಾವುದು?

ಉತ್ತರ: ಬಣ್ಣದ ಚಿತ್ರದಲ್ಲಿ ಒಂದು ವಸ್ತುವನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸುವ ಕೆಲಸದ ಬಹುಪಾಲನ್ನು ಬಣ್ಣವೇ ಮಾಡುತ್ತಿರುತ್ತದೆ. ಬಣ್ಣವನ್ನು ತೆಗೆದಾಗ ಆ ಹೊರೆಯೆಲ್ಲ ಪ್ರಖರತೆಯ ಮೇಲೆ ಬೀಳುತ್ತದೆ, ಮತ್ತು ಯಾವ ಬಣ್ಣ ಎಷ್ಟು ಪ್ರಖರವಾಗಬೇಕು ಎಂಬುದನ್ನು ನೀವು ಹೇಳದಿದ್ದರೆ ತಂತ್ರಾಂಶ ತನಗೆ ಗೊತ್ತಿರುವ ಸೂತ್ರದ ಪ್ರಕಾರ ತಾನೇ ತೀರ್ಮಾನಿಸುತ್ತದೆ. ಒಂದು ಕೆಂಪು ಫಲಕವನ್ನೂ ಒಂದು ನೀಲಿ ಫಲಕವನ್ನೂ ತೆಗೆದುಕೊಳ್ಳಿ. ಸೊನ್ನೆಯಿಂದ 255ರವರೆಗಿನ ಅಳತೆಯಲ್ಲಿ ಮೊದಲನೆಯದರಲ್ಲಿ ಕೆಂಪು 220, ಹಸಿರು 40, ನೀಲಿ 40 ಇದೆ. ಎರಡನೆಯದರಲ್ಲಿ ಕೆಂಪು 40, ಹಸಿರು 40, ನೀಲಿ 220 ಇದೆ ಎಂದುಕೊಳ್ಳೋಣ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಮೌಲ್ಯಗಳ ಸರಾಸರಿ ಹಿಡಿಯುವ ಸೂತ್ರದಲ್ಲಿ ಎರಡೂ 130 ಆಗುತ್ತವೆ, ಅಂದರೆ ಅವುಗಳ ನಡುವಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕ ಕೊಡುವ ಹಳೆಯ ವಿಡಿಯೊ ಸೂತ್ರದಲ್ಲಿ ಕೆಂಪು ಫಲಕ ಸುಮಾರು 94ಕ್ಕೂ ನೀಲಿ ಫಲಕ ಸುಮಾರು 61ಕ್ಕೂ ಬಂದು ನಿಲ್ಲುತ್ತದೆ. ಎರಡೂ ಲೆಕ್ಕಗಳು ತಪ್ಪಲ್ಲ. ಆದರೆ ನಿಮ್ಮ ಚಿತ್ರದಲ್ಲಿ ಯಾವ ಫಲಕ ಮುಖ್ಯ ಎಂಬುದು ಎರಡಕ್ಕೂ ತಿಳಿಯದು. ಆದ್ದರಿಂದ ಸ್ಯಾಚುರೇಶನ್ ಸ್ಲೈಡರನ್ನು ಸೊನ್ನೆಗೆ ಎಳೆದು ಕಾಂಟ್ರಾಸ್ಟ್ ಏರಿಸುವ ಅಭ್ಯಾಸವನ್ನು ಬಿಟ್ಟು, ಪ್ರತಿ ಬಣ್ಣದ ಪ್ರಖರತೆಯನ್ನು ಬೇರೆಬೇರೆಯಾಗಿ ನಿರ್ಧರಿಸಲು ಬಿಡುವ ಸಲಕರಣೆಯನ್ನು ಬಳಸಬೇಕು. ಲೈಟ್‌ರೂಮಿನ ಕಪ್ಪು-ಬಿಳುಪು ವಿಭಾಗದಲ್ಲಿ ಇದಕ್ಕಾಗಿ ಎಂಟು ಸ್ಲೈಡರುಗಳಿವೆ. ಫೋಟೊಶಾಪ್ ಮತ್ತು ಗಿಂಪ್‌ಗಳಲ್ಲಿ ಚಿತ್ರದ ಕೆಂಪು, ಹಸಿರು, ನೀಲಿ ಪದರಗಳನ್ನು, ಅಂದರೆ ಚಾನೆಲ್‌ಗಳನ್ನು, ಬೇಕಾದ ಪ್ರಮಾಣದಲ್ಲಿ ಬೆರೆಸುವ ಚಾನೆಲ್ ಮಿಕ್ಸರ್ ಇದೆ.

ಆ ಸ್ಲೈಡರುಗಳನ್ನು ಮುಟ್ಟುವ ಮೊದಲು ಚಿತ್ರದಲ್ಲಿರುವ ಬೆಳಕು ಎಂಥದ್ದು ಎಂದು ನೋಡಿ. ಹಗಲಿನ ಚಿತ್ರಕ್ಕೂ ರಾತ್ರಿಯ ಚಿತ್ರಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲಿಯೇ ಇದೆ. ಕಡಿಮೆ ಒತ್ತಡದ ಸೋಡಿಯಂ ದೀಪ ಹೆಚ್ಚುಕಡಿಮೆ 589 ನ್ಯಾನೊಮೀಟರ್ ತರಂಗಾಂತರದ ಹಳದಿ ಬೆಳಕೊಂದನ್ನೇ ಸೂಸುತ್ತದೆ. ಅದರ ಕೆಳಗೆ ನಿಂತವರು ಕೆಂಪು ಅಂಗಿ ತೊಟ್ಟಿದ್ದರೂ ಹಸಿರು ಅಂಗಿ ತೊಟ್ಟಿದ್ದರೂ ಕ್ಯಾಮೆರಾಕ್ಕೆ ಸಿಗುವುದು ಆ ಒಂದೇ ಹಳದಿಯ ಹೆಚ್ಚುಕಡಿಮೆಗಳು ಮಾತ್ರ. ಅಧಿಕ ಒತ್ತಡದ ಸೋಡಿಯಂ ದೀಪದಲ್ಲಿ ಬೇರೆ ಬಣ್ಣಗಳೂ ಅಲ್ಪಸ್ವಲ್ಪ ಇರುತ್ತವೆ, ಆದರೂ ನೀಲಿ ತೀರಾ ಕಡಿಮೆ. ಇಂಥ ಚಿತ್ರದ ನೀಲಿ ಚಾನೆಲನ್ನು ಮಾತ್ರ ತೆರೆದು ನೂರು ಪ್ರತಿಶತ ಗಾತ್ರದಲ್ಲಿ ನೋಡಿದರೆ ಗೋಡೆಯ ಇಟ್ಟಿಗೆಗಳ ಬದಲು ಬರೀ ಚುಕ್ಕೆಗಳ ರಾಶಿ ಕಾಣುತ್ತದೆ. ಕೆಂಪು ಮತ್ತು ಹಸಿರು ಚಾನೆಲ್‌ಗಳಲ್ಲಿ ಅದೇ ಗೋಡೆ ಸ್ಪಷ್ಟವಾಗಿರುತ್ತದೆ. ಹಾಗಾಗಿ ಅಲ್ಲಿ ನೀಲಿಯನ್ನು ಪೂರ್ತಿ ಕೈಬಿಟ್ಟು ಉಳಿದೆರಡರಿಂದಲೇ ಚಿತ್ರ ಕಟ್ಟುವುದು ಲೇಸು. ಸೋಡಿಯಂ ಬೆಳಕಿನ ಚಿತ್ರ ಕಿತ್ತಳೆ ಬಣ್ಣದಲ್ಲಿ ಅದ್ದಿದ ಕಪ್ಪು-ಬಿಳುಪು ಚಿತ್ರವೇ ಆಗಿರುವುದರಿಂದ ಬಣ್ಣದ ಸ್ಲೈಡರುಗಳಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಕತ್ತಲು-ಬೆಳಕಿನ ಹಂತಗಳನ್ನು ಬಾಗಿಸಿ ತಿದ್ದುವ ಕರ್ವ್ ಮತ್ತು ಆಯ್ದ ಜಾಗಗಳ ತಿದ್ದುಪಡಿಯೇ ಗತಿ.

ನಿಜವಾದ ಅವಕಾಶವಿರುವುದು ಬೆರಕೆ ಬೆಳಕಿನಲ್ಲಿ. ಬಿಳಿ ಎಲ್‌ಇಡಿ ದೀಪಗಳು ಸಾಮಾನ್ಯವಾಗಿ 450 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕನ್ನೂ ಫಾಸ್ಫರ್ ಲೇಪನದಿಂದ ಹೊಮ್ಮುವ ಅಗಲವಾದ ಹಳದಿ ಬೆಳಕನ್ನೂ ಕೂಡಿಸಿ ಬಿಳಿಯನ್ನು ತೋರಿಸುತ್ತವೆ. ಅಂಗಡಿಯ ಗಾಜಿನಾಚೆ ಇಂಥ ತಣ್ಣನೆಯ ಬೆಳಕು, ಕಾಲುದಾರಿಯ ಮೇಲೆ ಕಿತ್ತಳೆ ಬೆಳಕು, ಅದರಲ್ಲಿ ನಡೆದು ಬರುತ್ತಿರುವ ಒಬ್ಬ ಮುದುಕ, ಇಂಥ ದೃಶ್ಯದಲ್ಲಿ ನೀಲಿ ಮತ್ತು ಕಿತ್ತಳೆ ಸ್ಲೈಡರುಗಳು ಎರಡು ದೀಪಗಳಿಗೆ ಜೋಡಿಸಿದ ರೆಗ್ಯುಲೇಟರುಗಳ ಹಾಗೆ ಕೆಲಸ ಮಾಡುತ್ತವೆ. ನೀಲಿಯನ್ನು ತಗ್ಗಿಸಿದರೆ ಅಂಗಡಿ ಹಿನ್ನೆಲೆಗೆ ಸರಿಯುತ್ತದೆ, ಕಿತ್ತಳೆಯನ್ನು ಏರಿಸಿದರೆ ಮುಖ ಬೆಳಗುತ್ತದೆ. ಎಲ್ಲಿಯೂ ಆಯ್ಕೆಯ ಗೆರೆ ಎಳೆಯದೆ, ಬ್ರಷ್ ಹಿಡಿಯದೆ ಇದು ಆಗುತ್ತದೆ. ಇಲ್ಲಿ ವೈಟ್ ಬ್ಯಾಲೆನ್ಸ್, ಅಂದರೆ ಇಡೀ ಚಿತ್ರದ ಬಣ್ಣವನ್ನು ನೀಲಿಯ ಕಡೆಗೋ ಹಳದಿಯ ಕಡೆಗೋ ಸರಿಸುವ ಹೊಂದಿಕೆ, ಕೂಡ ಒಂದು ಸಲಕರಣೆಯೇ. ಬಣ್ಣ ಹೇಗೂ ಹೋಗುತ್ತದಲ್ಲ ಎಂದು ಅದನ್ನು ಕಡೆಗಣಿಸುವವರು ಬಹಳ, ಆದರೆ ಎರಡು ಬೆಳಕುಗಳೂ ಕಿತ್ತಳೆಯ ಕಡೆಗೇ ವಾಲಿದ್ದಾಗ ಸ್ಲೈಡರುಗಳು ಅವನ್ನು ಬೇರೆ ಮಾಡಲಾರವು. ವೈಟ್ ಬ್ಯಾಲೆನ್ಸನ್ನು ತಂಪಿನ ಕಡೆಗೆ ಸರಿಸಿದಾಗ ಅಂಗಡಿಯ ಬೆಳಕು ನೀಲಿಯಾಗಿ, ಬೀದಿಯ ಬೆಳಕು ಹಳದಿಯಾಗಿ ಉಳಿದು, ಎರಡರ ನಡುವೆ ಹಿಡಿಯಲು ಸಾಕಷ್ಟು ಅಂತರ ಸಿಗುತ್ತದೆ.

ಆದರೆ ಅಕ್ಕಪಕ್ಕದ ಎರಡು ಸ್ಲೈಡರುಗಳನ್ನು ವಿರುದ್ಧ ದಿಕ್ಕಿನ ತುದಿಗೆ ಎಳೆಯಬೇಡಿ. ಹೆಚ್ಚಿನ ಐಎಸ್‌ಒದಲ್ಲಿ (ಕಡಿಮೆ ಬೆಳಕಿಗಾಗಿ ಕ್ಯಾಮೆರಾದ ಸಂವೇದನೆಯನ್ನು ಏರಿಸಿ) ತೆಗೆದ ಚಿತ್ರದ ಕತ್ತಲಲ್ಲಿ ನಾಯ್ಸ್ ಎಂಬ ಕೆಂಪು, ಹಸಿರು, ನೀಲಿ ಚುಕ್ಕೆಗಳು ಹರಡಿರುತ್ತವೆ. ಬಣ್ಣ ಹೋದರೂ ಅವು ಹೋಗುವುದಿಲ್ಲ, ಯಾವ ಬಣ್ಣವನ್ನು ಎಷ್ಟು ಏರಿಸಿದ್ದೀರೋ ಇಳಿಸಿದ್ದೀರೋ ಅದಕ್ಕೆ ತಕ್ಕಂತೆ ಕಪ್ಪು-ಬಿಳಿ ಕಲೆಗಳಾಗಿ ಮತ್ತೆ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಬಣ್ಣದ ನಾಯ್ಸ್ ಕಡಿಮೆ ಮಾಡುವ ಸೌಲಭ್ಯವನ್ನು ಕಪ್ಪು-ಬಿಳುಪಿನಲ್ಲಿಯೂ ಆಫ್ ಮಾಡಬಾರದು. ಪ್ರಖರತೆಯ ನಾಯ್ಸ್ ಬೇರೆ ಮಾತು. ಅದು ಕಣ್ಣಿಗೆ ಫಿಲ್ಮಿನ ಕಣಗಳಂತೆ ಕಾಣುತ್ತದೆ, ಮತ್ತು ಅದನ್ನು ಪೂರ್ತಿ ಒರೆಸಿ ಮುಖಗಳನ್ನು ಮೇಣದ ಗೊಂಬೆಗಳಾಗಿಸುವುದಕ್ಕಿಂತ ಹಾಗೆಯೇ ಬಿಡುವುದನ್ನು ನಾನು ಯಾವಾಗಲೂ ಮೆಚ್ಚುತ್ತೇನೆ. ಈ ಕೆಲಸಕ್ಕೆಲ್ಲ ರಾ ಫೈಲ್, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ದತ್ತಾಂಶ, ಇದ್ದರೆ ಒಳ್ಳೆಯದು: 8 ಬಿಟ್‌ನ ಜೆಪೆಗ್‌ನಲ್ಲಿ ಒಂದು ಚಾನೆಲ್‌ಗೆ 256 ಹಂತಗಳಿದ್ದರೆ 14 ಬಿಟ್‌ನ ರಾದಲ್ಲಿ 16,384 ಇರುತ್ತವೆ, ಮತ್ತು ದೀಪದ ಸುತ್ತ ನಿಧಾನವಾಗಿ ಕರಗುವ ಬೆಳಕು ಜೆಪೆಗ್‌ನಲ್ಲಿ ಪಟ್ಟಿಪಟ್ಟಿಯಾಗಿ ಒಡೆಯುವುದು ಈ ಕೊರತೆಯಿಂದಲೇ. ರಾ ಮತ್ತು ಜೆಪೆಗ್ ಎರಡನ್ನೂ ಉಳಿಸುವಂತೆ ಇಟ್ಟು ಕ್ಯಾಮೆರಾದ ಕಪ್ಪು-ಬಿಳುಪು ಶೈಲಿಯನ್ನು ಆರಿಸಿಕೊಂಡರೆ ಪರದೆಯ ಮೇಲೆ ಬಣ್ಣವಿಲ್ಲದ ದೃಶ್ಯ ಕಾಣುತ್ತದೆ, ರಾದಲ್ಲಿ ಬಣ್ಣವೂ ಉಳಿಯುತ್ತದೆ.

ಇನ್ನು ಕಾಂಟ್ರಾಸ್ಟ್ ವಿಷಯ. ಮಂಕುತನಕ್ಕೆ ಸೂತ್ರದಷ್ಟೇ ದೊಡ್ಡ ಕಾರಣ ಕತ್ತಲ ಭಾಗಗಳನ್ನು ಬೆಳಗಿಸುವ ಶ್ಯಾಡೋ ಸ್ಲೈಡರ್. ಕತ್ತಲಲ್ಲಿ ಏನೋ ಅಡಗಿದೆ, ಅದು ಕಾಣಲೇಬೇಕು ಎಂದು ಶ್ಯಾಡೋಗಳನ್ನು ಎತ್ತಿದಾಗ ಮೇಲೆ ಬರುವುದು ಹೆಚ್ಚಾಗಿ ನಾಯ್ಸ್ ತುಂಬಿದ ಬೂದು ಬಣ್ಣ ಮಾತ್ರ, ಆಮೇಲೆ ಅದನ್ನು ಮುಚ್ಚಲು ಇಡೀ ಚಿತ್ರದ ಕಾಂಟ್ರಾಸ್ಟ್ ಏರಿಸಬೇಕಾಗುತ್ತದೆ, ಆಗ ದೀಪಗಳು ಸುಟ್ಟುಹೋಗುತ್ತವೆ. ರಾತ್ರಿಯ ಚಿತ್ರದ ಹಿಸ್ಟೋಗ್ರಾಮ್, ಅಂದರೆ ಎಡಕ್ಕೆ ಕತ್ತಲು ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ, ಎಡಕ್ಕೆ ಗುಡ್ಡೆಯಾಗಿರುವುದೇ ಸಹಜ. ಮೊದಲು ಕಪ್ಪನ್ನು ಕಪ್ಪಾಗಿಯೇ ನಿಲ್ಲಿಸಿ, ಆಮೇಲೆ ಕಾಣಲೇಬೇಕಾದ ಒಂದೆರಡು ಜಾಗಗಳನ್ನು, ಒಂದು ಮುಖವನ್ನೋ ಒದ್ದೆ ರಸ್ತೆಯ ಹೊಳಪನ್ನೋ, ಮಾಸ್ಕ್ ಹಾಕಿ (ಆ ಜಾಗಕ್ಕಷ್ಟೇ ತಿದ್ದುಪಡಿ ತಾಗುವಂತೆ ಮಾಡಿ; ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟಾಗುವುದು ಇಲ್ಲವೇ ಅರ್ಧವಾಗುವುದು) ಅರ್ಧ ಸ್ಟಾಪ್‌ನಷ್ಟು ಎತ್ತಿ. ಕತ್ತಲಲ್ಲಿರುವ ಆಕೃತಿ ಗುರುತು ಸಿಗಲು ಅದರೊಳಗೆ ವಿವರ ಬೇಕೆಂದೇನಿಲ್ಲ, ಅದರ ಹಿಂದೆ ಸ್ವಲ್ಪ ಬೆಳಕಿದ್ದರೆ ಸಾಕು. 1930ರ ದಶಕದಲ್ಲಿ ಪ್ಯಾರಿಸ್‌ನ ರಾತ್ರಿಗಳನ್ನು ಚಿತ್ರಿಸಿದ ಛಾಯಾಗ್ರಾಹಕ ಬ್ರಸಾಯ್ ಮಂಜು, ಮಳೆಗಳ ರಾತ್ರಿಗಳನ್ನು ಚೆನ್ನಾಗಿ ದುಡಿಸಿಕೊಂಡರು: ಮಂಜು ದೀಪದ ಬೆಳಕನ್ನು ಹರಡಿ ಆಕೃತಿಗಳ ಹಿಂದೆ ಬೂದು ತೆರೆ ಹಾಸುತ್ತದೆ, ಒದ್ದೆ ನೆಲ ಅದೇ ಬೆಳಕನ್ನು ಕೆಳಗಿನಿಂದ ಹಿಂದಿರುಗಿಸುತ್ತದೆ.

ಯಾವ ಸ್ಲೈಡರಿನಿಂದಲೂ ಸರಿಪಡಿಸಲಾಗದ ಒಂದು ತೊಂದರೆ ಉಳಿಯುತ್ತದೆ. ಕೆಂಪು ನಿಯಾನ್ ಫಲಕದ ಚಿತ್ರದಲ್ಲಿ ಎಲ್ಲಕ್ಕಿಂತ ಮೊದಲು ತುಂಬಿಹೋಗುವುದು ಕೆಂಪು ಚಾನೆಲ್. ಒಟ್ಟು ಪ್ರಖರತೆಯ ಹಿಸ್ಟೋಗ್ರಾಮ್ ಸುಭದ್ರವಾಗಿದೆ ಎಂದು ತೋರಿಸುತ್ತಿರುವಾಗಲೂ ಕೆಂಪು 255ಕ್ಕೆ ತಾಗಿರಬಹುದು, ಹಾಗಾದಾಗ ಕೆಂಪನ್ನು ಏರಿಸಿದ ಕೂಡಲೇ ಅಕ್ಷರಗಳು ಒಂದಕ್ಕೊಂದು ಅಂಟಿದ ಬಿಳಿ ಮುದ್ದೆಯಾಗುತ್ತವೆ. ಹಸಿರು ಚಾನೆಲ್‌ನಲ್ಲಿ ಅಕ್ಷರಗಳ ಅಂಚು ಉಳಿದಿದ್ದರೆ ಅದನ್ನು ಆಶ್ರಯಿಸಬಹುದು; ಅಲ್ಲಿಯೂ ಇಲ್ಲದಿದ್ದರೆ ಆ ಭಾಗ ಹೋದಂತೆಯೇ. ಆದ್ದರಿಂದ ಚಿತ್ರ ತೆಗೆಯುವಾಗಲೇ ಮೂರೂ ಬಣ್ಣಗಳ ಹಿಸ್ಟೋಗ್ರಾಮ್ ನೋಡಿ. ಕತ್ತಲೆ ತುಂಬಿದ ದೃಶ್ಯವನ್ನು ಕ್ಯಾಮೆರಾದ ಬೆಳಕಿನ ಮೀಟರ್ ನಡುಬೂದಿಗೆ ಎಳೆಯಲು ಯತ್ನಿಸುವುದರಿಂದ ಎಕ್ಸ್‌ಪೋಶರನ್ನು ಒಂದರಿಂದ ಎರಡು ಸ್ಟಾಪ್ ತಗ್ಗಿಸುವುದು ಬಹಳ ಸಲ ಬೇಕಾಗುತ್ತದೆ. ಬಲ್ಬು ವಿವರವಿಲ್ಲದೆ ಬೆಳ್ಳಗಾದರೆ ನಷ್ಟವಿಲ್ಲ, ಫಲಕದ ಅಕ್ಷರ ಹಾಗಾಗಬಾರದು.

ಕೆಲವು ಚಿತ್ರಗಳನ್ನು ಬದಲಾಯಿಸದಿರುವುದೇ ಸರಿ. ಹಸಿರು ಬೆಳಕಿನ ಗೋಡೆಯ ಮುಂದೆ ಕೆಂಪು ಕೊಡೆ ಹಿಡಿದವಳ ಚಿತ್ರ ನಿಂತಿರುವುದೇ ಆ ಎರಡು ಬಣ್ಣಗಳ ಜಗಳದ ಮೇಲೆ. ಸ್ಲೈಡರುಗಳಿಂದ ಒಂದನ್ನು ಕಪ್ಪಾಗಿಸಿ ಇನ್ನೊಂದನ್ನು ಬಿಳಿಯಾಗಿಸಬಹುದು, ಆದರೆ ಅದು ಬೇರೆಯೇ ಚಿತ್ರ, ಮತ್ತು ಸಾಮಾನ್ಯವಾಗಿ ಮೊದಲಿನದಕ್ಕಿಂತ ಬಡವಾದ ಚಿತ್ರ. ಮುದ್ರಿಸುವ ಉದ್ದೇಶವಿದ್ದರೆ ಇನ್ನೊಂದು ವಿಷಯ: ಸ್ವಂತ ಬೆಳಕಿರುವ ಪರದೆಯ ಮೇಲೆ ಬೇರೆಬೇರೆಯಾಗಿ ಕಾಣುವ ಗಾಢ ಬೂದುಗಳು ಕಾಗದದ ಮೇಲೆ ಒಂದೇ ಕಪ್ಪಿನಲ್ಲಿ ಸೇರಿಹೋಗುತ್ತವೆ. ಪರದೆಯ ಪ್ರಖರತೆಯನ್ನು ತಗ್ಗಿಸಿ ಕೆಲಸ ಮಾಡಿ, ಪೂರ್ಣ ಗಾತ್ರಕ್ಕೆ ಹೋಗುವ ಮೊದಲು ಚಿತ್ರದ ಅತಿ ಕತ್ತಲಿನ ಭಾಗದಿಂದ ಅಂಗೈಯಗಲದ ಒಂದು ತುಂಡನ್ನು ಅದೇ ಕಾಗದದ ಮೇಲೆ ಮುದ್ರಿಸಿ ನೋಡಿ.