ಕ್ರೋಮ್ ಕೈಬಿಟ್ಟ ಮೇಲೆ ವಿಂಡೋಸ್ 7

ರಾಯಚೂರಿನ ಡಿಟಿಪಿ ಅಂಗಡಿಗಳಲ್ಲಿ ವಿಂಡೋಸ್ 7 ಕಂಪ್ಯೂಟರ್ ಇನ್ನೂ ಕಾಣುತ್ತೆ. ದುಡ್ಡಿನ ಮಾತಷ್ಟೇ ಅಲ್ಲ. ವರ್ಷಗಟ್ಟಲೆ ಮಾಡಿದ ಮದುವೆ ಕಾರ್ಡುಗಳೆಲ್ಲ ನುಡಿ ಫಾಂಟಿನಲ್ಲಿ, ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲಿ ಕೂತಿವೆ. ಆ ಪೇಜ್‌ಮೇಕರ್ ಬಂದಿದ್ದು 2001ರಲ್ಲಿ, ಅದರ ನಂತರ ಹೊಸದು ಬರಲೇ ಇಲ್ಲ. ಹಳೆ ಫೈಲ್ ತೆಗೆದು ಹೆಸರು, ಮುಹೂರ್ತ ಬದಲಿಸಿದರೆ ಹೊಸ ಕಾರ್ಡು ರೆಡಿ. ತಕರಾರು ಶುರುವಾಗೋದು ಅದೇ ಕಂಪ್ಯೂಟರ್‌ನಲ್ಲಿ ಪಹಣಿ ತೆಗೆಯಲು, ಪರೀಕ್ಷೆ ಅರ್ಜಿ ತುಂಬಲು ಕೂತಾಗ.

2009ರಲ್ಲಿ ಬಂದ ವಿಂಡೋಸ್ 7ಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ರಂದು. ಅವತ್ತು ಅಂಗಡಿಯಲ್ಲಿ ಯಾವ ಕೆಲಸವೂ ನಿಲ್ಲಲಿಲ್ಲ. ಕ್ರೋಮ್ ಎಂದಿನಂತೆ ಅಪ್‌ಡೇಟ್ ಆಗುತ್ತಿತ್ತಲ್ವಾ! ನಿಜವಾದ ಪೆಟ್ಟು ಬಿದ್ದಿದ್ದು 2023ರ ಫೆಬ್ರುವರಿಯಲ್ಲಿ. ಕ್ರೋಮ್ 110ಕ್ಕೆ ವಿಂಡೋಸ್ 10 ಬೇಕಾಯಿತು, 7 ಇದ್ದವರು 109ಕ್ಕೇ ನಿಂತರು. ಅದಕ್ಕೂ ಹಳೆಯ ವಿಂಡೋಸ್ ಎಕ್ಸ್‌ಪಿ ಕತೆಯೂ ಹೀಗೇ. 2014ರ ಏಪ್ರಿಲ್‌ನಲ್ಲಿ ಬೆಂಬಲ ಮುಗಿದರೂ ಕ್ರೋಮ್ ಇನ್ನೆರಡು ವರ್ಷ ಜೊತೆಗಿತ್ತು.

ಹೊಸ ಸಾಫ್ಟ್‌ವೇರ್ ಯಾಕೆ ಓಡಲ್ಲ? ಗಡಿಯಾರದ ಸಮಯ ಓದುವಂಥ ಸಣ್ಣ ಕೆಲಸಕ್ಕೂ ಪ್ರೋಗ್ರಾಮ್ ವಿಂಡೋಸನ್ನೇ ಕೇಳಬೇಕು. ಇನ್ನೂ ನಿಖರವಾಗಿ ಸಮಯ ಹೇಳುವ ಫಂಕ್ಷನ್ (ಪ್ರೋಗ್ರಾಮ್ ಕರೆದು ಬಳಸುವ ಸಿದ್ಧ ಕೋಡ್ ತುಣುಕು) ಒಂದು ವಿಂಡೋಸ್ 8ರಲ್ಲಿ ಬಂತು. ಅದರ ಹೆಸರು ಗೆಟ್‌ಸಿಸ್ಟಮ್‌ಟೈಮ್‌ಪ್ರಿಸೈಸ್‌ಆ್ಯಸ್‌ಫೈಲ್‌ಟೈಮ್. ಓದುವಷ್ಟರಲ್ಲಿ ಉಸಿರು ಕಟ್ಟುತ್ತೆ! ಹೊಸ ಪ್ರೋಗ್ರಾಮ್ ಇದನ್ನು ಕೇಳಿದರೆ ಇಂಥ ಫಂಕ್ಷನ್‌ಗಳಿರುವ 7ರ ಕರ್ನಲ್32.ಡಿಎಲ್‌ಎಲ್ ಫೈಲಿನಲ್ಲಿ ಅದು ಇರಲ್ಲ. ಎರರ್ ಬಾಕ್ಸ್ ಬಂದು ಅಲ್ಲಿಗೇ ನಿಲ್ಲುತ್ತೆ. ರ್‍ಯಾಮ್ ಎಷ್ಟೇ ಜಾಸ್ತಿ ಹಾಕಿಸಿದರೂ ಉಪಯೋಗವಿಲ್ಲ.

ಅಡ್ಡದಾರಿಗಳಿವೆ. ಕ್ರೋಮ್‌ನ ಮೂಲ ಕೋಡ್‌ನಿಂದಲೇ ಹಳೆ ವಿಂಡೋಸ್‌ಗಾಗಿ ಮಾಡಿದ ಸೂಪರ್‌ಮಿಯಂ ಬ್ರೌಸರ್ ಒಂದು. ಇಲ್ಲದ ಫಂಕ್ಷನ್‌ಗಳನ್ನು ಒದಗಿಸಿಕೊಡುವ ವಿಎಕ್ಸ್‌ಕೆಕ್ಸ್ ಎಂಬ ಸಾಫ್ಟ್‌ವೇರ್ ಇನ್ನೊಂದು. ಹೊಸ ಪ್ರೋಗ್ರಾಮ್ ಓಡೀತು, ಆದರೆ ಕೆಳಗಿನ ವಿಂಡೋಸ್‌ನ ಭದ್ರತೆಯ ತೂತುಗಳು ಹಾಗೇ ಉಳಿಯುತ್ತವೆ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ನುಗ್ಗಿದ್ದು ಇಂಥದೇ ತೂತಿನಿಂದ. ಸಿಕ್ಕಿಬಿದ್ದವುಗಳಲ್ಲಿ ವಿಂಡೋಸ್ 7 ಯಂತ್ರಗಳೇ ಹೆಚ್ಚು. ಎರಡು ತಿಂಗಳ ಹಿಂದೆಯೇ ಬಂದಿದ್ದ, ಆ ತೂತು ಮುಚ್ಚುವ ಪ್ಯಾಚ್ ಹಾಕಿಕೊಂಡಿರಲಿಲ್ಲ, ಅಷ್ಟೇ. ಈಗ 7ಕ್ಕೆ ಪ್ಯಾಚ್ ಕೂಡ ಬರಲ್ಲ.

ಹಾಗಾಗಿ ಗಿರಾಕಿಯ ಆಧಾರ್, ಒಟಿಪಿ, ಫೀಸು ಓಡಾಡುವ ಕಂಪ್ಯೂಟರ್‌ಗೆ ಈ ಅಡ್ಡದಾರಿ ಬೇಡವೇ ಬೇಡ ಅನ್ನೋದು ನನ್ನ ಮಾತು. ಹಳೆಯದರ ನೆಟ್ ಕೇಬಲ್ ಕಿತ್ತು ಕಾರ್ಡಿನ ಕೆಲಸಕ್ಕೇ ಇಟ್ಟುಕೊಳ್ಳಿ. ಪೆನ್‌ಡ್ರೈವ್‌ಗಳ ಮೇಲೆ ಮಾತ್ರ ಕಣ್ಣಿರಲಿ. ಆನ್‌ಲೈನ್ ಅರ್ಜಿಗೆ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತರುವುದಾದರೆ ವಿಂಡೋಸ್ 11 ನಡೆಯುತ್ತಾ ಅಂತ ಮೊದಲೇ ಕೇಳಿ. ಅದಕ್ಕೆ ಕಂಪ್ಯೂಟರ್ ಒಳಗೇ ಇರುವ ಭದ್ರತಾ ವ್ಯವಸ್ಥೆ ಟಿಪಿಎಂ 2.0 ಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.