ಹೊಸಬರಿಗೆಲ್ಲ ಕಚೇರಿಯ ಒಂದೇ ಲಾಗಿನ್ ಕೊಟ್ಟರೆ ಆಗದೇ?

ಪ್ರಶ್ನೆ: ನಮ್ಮದು ಮಕ್ಕಳ ಕಲಿಕೆಗಾಗಿ ದುಡಿಯುವ ಸಣ್ಣ ಟ್ರಸ್ಟ್. ಹೊಸ ಸಿಬ್ಬಂದಿಯೋ ಸ್ವಯಂಸೇವಕರೋ ಬಂದಾಗಲೆಲ್ಲ ಕಂಪ್ಯೂಟರ್ ಬಳಕೆಗೆ ಅಣಿಗೊಳಿಸುವುದರಲ್ಲೇ ಮೊದಲ ವಾರ ಕಳೆದುಹೋಗುತ್ತದೆ. ಎಲ್ಲರಿಗೂ ಒಂದೇ ಲಾಗಿನ್ ಕೊಟ್ಟುಬಿಡಬಹುದೇ?

ಉತ್ತರ: ದಯವಿಟ್ಟು ಕೊಡಬೇಡಿ. ಮೊದಲ ದಿನ ಉಳಿತಾಯವಾದ ಸಮಯಕ್ಕಿಂತ ಹೆಚ್ಚಿನದನ್ನು, ಆ ಗುಂಪಿನಿಂದ ಒಬ್ಬರು ಬಿಟ್ಟುಹೋದ ದಿನ ಪಾಸ್‌ವರ್ಡ್ ಬದಲಿಸಿ ಉಳಿದವರಿಗೆಲ್ಲ ತಿಳಿಸುವುದರಲ್ಲಿ ಕಳೆದುಕೊಳ್ಳುತ್ತೀರಿ. ಕಡತವೊಂದು ಅಳಿಸಿಹೋದರೆ ಅಳಿಸಿದವರು ಯಾರೆಂಬುದೂ ಗೊತ್ತಾಗುವುದಿಲ್ಲ. ಅದಕ್ಕೂ ಮಿಗಿಲಾಗಿ, ನಿಮ್ಮ ಬಳಿ ಮಕ್ಕಳ ಹೆಸರು, ವಿಳಾಸಗಳಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ಮಾಹಿತಿಯ ವಿಚಾರದಲ್ಲಿ ವಿಶೇಷ ಎಚ್ಚರವನ್ನು ಬಯಸುತ್ತದೆ.

ಖಾತೆಯೊಂದನ್ನು ತೆರೆಯಲು ಹೆಚ್ಚು ಹೊತ್ತು ಬೇಕಿಲ್ಲ. ತಡವಾಗುವುದು, ಬಂದವರಿಗೆ ಯಾವ ಕಡತಗಳು ಬೇಕೆಂಬುದನ್ನು ಅವರು ಬಂದು ಕುಳಿತ ಮೇಲೆ ಯೋಚಿಸತೊಡಗುವುದರಿಂದ. ಆದ್ದರಿಂದ ಲೆಕ್ಕಪತ್ರ ನೋಡುವವರು, ಶಾಲೆಗಳಿಗೆ ಹೋಗುವವರು, ಪಾಠ ಸಾಮಗ್ರಿ ಸಿದ್ಧಪಡಿಸುವವರು ಎಂದು ಕೆಲಸಕ್ಕೊಂದು ಗುಂಪು ಮಾಡಿ, ಫೋಲ್ಡರ್‌ಗಳನ್ನು ವ್ಯಕ್ತಿಗಳ ಬದಲು ಆ ಗುಂಪಿನೊಂದಿಗೆ ಹಂಚಿಕೊಳ್ಳಿ. ಅರ್ಹ ಲಾಭರಹಿತ ಸಂಸ್ಥೆಗಳಿಗೆ, ಕಚೇರಿಯ ಮೇಲ್ ಮತ್ತು ಕಡತಗಳನ್ನು ಒಂದೆಡೆ ನಿರ್ವಹಿಸುವ ಗೂಗಲ್ ವರ್ಕ್‌ಸ್ಪೇಸ್ ಉಚಿತವಾಗಿ ಸಿಗುತ್ತದೆ. ಅಲ್ಲಿ ಹೊಸಬರ ಹೆಸರನ್ನು ಗುಂಪಿಗೆ ಸೇರಿಸಿದರೆ ಬೇಕಾದ ಫೋಲ್ಡರ್‌ಗಳೆಲ್ಲ ತೆರೆದುಕೊಳ್ಳುತ್ತವೆ, ತೆಗೆದರೆ ಮುಚ್ಚಿಕೊಳ್ಳುತ್ತವೆ. ಮೊದಲ ಲಾಗಿನ್‌ನಲ್ಲೇ ಪಾಸ್‌ವರ್ಡ್ ಬದಲಿಸಬೇಕೆಂಬ ಆಯ್ಕೆಯನ್ನು ಗುರುತುಮಾಡಿ, ಖಾತೆಯನ್ನು ಹಿಂದಿನ ದಿನವೇ ಸಿದ್ಧವಿಡಿ. ತನ್ನ ಭಾನುವಾರವನ್ನು ನಿಮಗಾಗಿ ಕೊಟ್ಟು ಬಂದವರನ್ನು ಪಾಸ್‌ವರ್ಡಿಗಾಗಿ ಕಾಯಿಸುವುದು ಸರಿಯಲ್ಲ.

ಸ್ವಯಂಸೇವಕರು ಸ್ವಂತ ಜಿಮೇಲ್‌ನಲ್ಲೇ ಕೆಲಸ ಮಾಡಲಿ ಎನ್ನುವುದೂ ಬೇಡ. ಹಾಗೆ ತಯಾರಾದ ಕಡತಗಳ ಒಡೆತನ ಅವರಲ್ಲೇ ಉಳಿಯುತ್ತದೆ. ಅವರು ಎಂದಾದರೂ ತಮ್ಮ ಖಾತೆಯನ್ನು ಅಳಿಸಿದರೆ ನಿಮ್ಮ ವರ್ಷದ ಶ್ರಮವೂ ಅದರೊಡನೆ ಹೋಗುತ್ತದೆ.

ಪರಿಚಯ ತರಬೇತಿಗೆ ಉಪನ್ಯಾಸ ಬೇಕಿಲ್ಲ, ಕಂಪ್ಯೂಟರ್ ಮುಂದೆ ಒಂದು ಗಂಟೆ ಸಾಕು. ಅವರೇ ಪಾಸ್‌ವರ್ಡ್ ಬದಲಿಸಲಿ, ಎರಡು ಹಂತದ ಪರಿಶೀಲನೆಯನ್ನು (ಪಾಸ್‌ವರ್ಡ್ ಜೊತೆಗೆ ಇನ್ನೊಂದು ದೃಢೀಕರಣವನ್ನೂ ಕೇಳುವ ವ್ಯವಸ್ಥೆ) ತಮ್ಮ ಫೋನಿನಲ್ಲಿ ಹೊಂದಿಸಿಕೊಳ್ಳಲಿ, ಒಂದು ಕಡತವನ್ನು ತೆರೆದು ಹಂಚಿಕೆಯ ಫೋಲ್ಡರಿನಲ್ಲಿ ಉಳಿಸಲಿ. ನಮ್ಮಲ್ಲಿ ಬಹಳಷ್ಟು ಕಡೆ ಮರೆತುಹೋಗುವ ಸಂಗತಿಯೆಂದರೆ ಕನ್ನಡ ಟೈಪಿಂಗ್. ಒಬ್ಬರು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಇನ್ನೊಬ್ಬರು ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಬರೆದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮೊದಲಿನವರ ವರದಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಕನ್ನಡ ಪದ ಕೊಟ್ಟು ಹುಡುಕಿದರೂ ಸಿಗುವುದಿಲ್ಲ. ಎಲ್ಲರೂ ಯುನಿಕೋಡ್‌ನಲ್ಲೇ ಬರೆಯಬೇಕೆಂದು ಮೊದಲ ದಿನವೇ ಹೇಳಿ, ಅವರ ಕೈಯಿಂದ ನಾಲ್ಕು ಸಾಲು ಬರೆಸಿ ನೋಡಿ.

ಖಾತೆ ತೆರೆಯುವಾಗಲೇ ಸ್ವಯಂಸೇವಕರ ಕೊನೆಯ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ. ಆ ದಿನ ಖಾತೆಯನ್ನು ಅಳಿಸದೆ ಮೊದಲು ತಡೆಹಿಡಿದು, ಕಡತಗಳನ್ನು ಮುಂದಿನವರಿಗೆ ವರ್ಗಾಯಿಸಿ. ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಖಾತೆಯನ್ನು ಮರಳಿ ಪಡೆಯಲು ಇರುವುದು 20 ದಿನಗಳ ಅವಕಾಶ ಮಾತ್ರ.