ನೀವು ಕೇಳಿದ್ದು ಯಾವ ‘ರಿವಾಲ್ವರ್’?

ಬೀಟಲ್ಸ್ ರಾಕ್ ತಂಡದ ‘ರಿವಾಲ್ವರ್’ ಯಾರ ಆಲ್ಬಂ? ಇಂಗ್ಲೆಂಡಿನಲ್ಲಿ ಅದನ್ನು ಕೇಳಿ ಬೆಳೆದವರು ತಂಡದ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಇಬ್ಬರೂ ಸಮಸಮ ಹೆಗಲು ಕೊಟ್ಟ ಕೆಲಸ ಅನ್ನಬಹುದು. ಅದೇ ವಯಸ್ಸಿನ ಅಮೆರಿಕದ ಕೇಳುಗ ಒಪ್ಪಲಿಕ್ಕಿಲ್ಲ. ‘ಇದು ಮೆಕಾರ್ಟ್ನಿಯದು, ಜೊತೆಗೆ ಜಾರ್ಜ್ ಹ್ಯಾರಿಸನ್‌ನ ಮೂರು ಹಾಡು, ಲೆನನ್ ಎಲ್ಲಿದ್ದಾನೆ?’ ಎಂದು ಕೇಳಬಹುದು. ಇಬ್ಬರ ಕಿವಿಯೂ ಸರಿಯಾಗಿದೆ. 1966ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಲ್ಲಿ ಬಂದ ‘ರಿವಾಲ್ವರ್’ನಲ್ಲಿ 14 ಹಾಡುಗಳಿದ್ದವು, ಅಮೆರಿಕದ್ದರಲ್ಲಿ 11. ಕಿತ್ತು ತೆಗೆದ ಮೂರೂ ಲೆನನ್ ಹಾಡಿದಂಥವು. ಅಮೆರಿಕದ ಗ್ರಾಮಫೋನ್ ತಟ್ಟೆಯಲ್ಲಿ ಅವರ ಪಾಲಿಗೆ ಉಳಿದದ್ದು ಎರಡೇ, ಒಂದೊಂದು ಬದಿಯ ಕೊನೆಗೆ ಒಂದೊಂದು.

ಹಳೆಯ ಪಾಪ್, ರಾಕ್ ಆಲ್ಬಂಗಳ ಬಗ್ಗೆ ನಡೆಯುವ ವಾದಗಳಲ್ಲಿ ದೊಡ್ಡ ಪಾಲು ಅಭಿರುಚಿಯದ್ದೇ ಅಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ. ಒಂದೇ ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಉಂಡವನೂ ಕೊನೆಯ ಪಂಕ್ತಿಯಲ್ಲಿ ಉಂಡವನೂ ಅಡುಗೆ ಹೇಗಿತ್ತು ಎಂದು ಜಗಳ ಕಾದಂತೆ. ಎಲೆಗೆ ಬಿದ್ದದ್ದೇ ಬೇರೆ.

ಇದರ ಮೂಲದಲ್ಲಿರುವುದು ದುಡ್ಡು. ಕೊಲಂಬಿಯಾ ಕಂಪನಿ 1948ರಲ್ಲಿ ಎಲ್‌ಪಿ (ಹೆಚ್ಚು ಹೊತ್ತು ಓಡುವ ತಟ್ಟೆ) ತಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಸತೊಡಗಿತು. ಆ ಜಾಗದಲ್ಲಿ ಎಷ್ಟು ಹಾಡು ತುಂಬಬೇಕು ಅನ್ನುವುದನ್ನು ಒಂದೊಂದು ದೇಶ ಒಂದೊಂದು ರೀತಿ ತೀರ್ಮಾನಿಸಿತು. ಬ್ರಿಟನ್ನಿನಲ್ಲಿ ಹಾಡು ಬರೆದವರಿಗೆ ಸಲ್ಲುವ ಗೌರವಧನ ತಟ್ಟೆಯ ಬೆಲೆಯಲ್ಲಿ ಇಷ್ಟು ಪಾಲು ಎಂದಿತ್ತು. ಹಾಡು ಹತ್ತಿದ್ದರೂ ಹದಿನಾಲ್ಕಿದ್ದರೂ ಕಂಪನಿಯ ಖರ್ಚು ಬದಲಾಗುತ್ತಿರಲಿಲ್ಲ. ಅಮೆರಿಕದಲ್ಲಿ ಕಾನೂನು ಗೊತ್ತುಮಾಡಿದ್ದು ಹಾಡಿಗೆ 2 ಸೆಂಟ್. ಮೂರು ಹಾಡು ಕಡಿಮೆಯಾದರೆ ತಟ್ಟೆಗೆ ಆರು ಸೆಂಟ್ ಉಳಿತಾಯ. ಲಕ್ಷಗಟ್ಟಲೆ ತಟ್ಟೆ ಮಾರುವವರಿಗೆ ಇದು ಸಣ್ಣ ಮೊತ್ತವಲ್ಲ. ಇನ್ನೊಂದು ಪದ್ಧತಿಯೂ ಸೇರಿಕೊಂಡಿತು: ಸಿಂಗಲ್ (ಬದಿಗೊಂದು ಹಾಡಿನ ಚಿಕ್ಕ ತಟ್ಟೆ) ಆಗಿ ಮಾರಿದ ಹಾಡನ್ನೇ ಎಲ್‌ಪಿಯಲ್ಲೂ ಹಾಕಿದರೆ ಗಿರಾಕಿಯಿಂದ ಎರಡು ಸಲ ದುಡ್ಡು ಕಿತ್ತಂತೆ ಎಂದು ಬ್ರಿಟನ್ನಿನಲ್ಲಿ ಅಂದುಕೊಳ್ಳುತ್ತಿದ್ದರು. ಅಮೆರಿಕದಲ್ಲಿ ಸಿಂಗಲ್ ಇಲ್ಲದ ಎಲ್‌ಪಿಯನ್ನು ಯಾರು ಕೊಳ್ಳುತ್ತಾರೆ ಅನ್ನುವ ಲೆಕ್ಕ.

ಬೀಟಲ್ಸ್ ತಟ್ಟೆಗಳನ್ನು ಅಮೆರಿಕದಲ್ಲಿ ಹೊರತರುತ್ತಿದ್ದ ಕ್ಯಾಪಿಟಲ್ ಕಂಪನಿ ಉಳಿಸಿಕೊಂಡ ಹಾಡುಗಳನ್ನು ಸಿಂಗಲ್‌ಗಳ ಜೊತೆ ಸೇರಿಸಿ ಹೊಸ ಎಲ್‌ಪಿಗಳನ್ನೇ ಹುಟ್ಟಿಸುತ್ತಿತ್ತು. ಬ್ರಿಟನ್ನಿನಲ್ಲಿ ‘ರಿವಾಲ್ವರ್’ವರೆಗೆ ತಂಡದ ಆಲ್ಬಂಗಳು ಏಳು, ಅಮೆರಿಕದ ಅಂಗಡಿಗಳಲ್ಲಿ ಅಷ್ಟರಲ್ಲಿ ಹತ್ತನ್ನು ದಾಟಿತ್ತು. ಸಾಲದ್ದಕ್ಕೆ ಅಲ್ಲಿನ ಡೇವ್ ಡೆಕ್ಸ್‌ಟರ್ ಅನ್ನುವ ಅಧಿಕಾರಿ ಕೆಲವು ಹಾಡುಗಳಿಗೆ ಪ್ರತಿಧ್ವನಿಯನ್ನೂ ಬೆರೆಸಿದರು. ಅದು ರೇಡಿಯೊದಲ್ಲಿ ಗಮ್ಮನೆ ಕೇಳಿಸುತ್ತಿತ್ತೇನೋ, ತಟ್ಟೆಯಲ್ಲಿ ಮಾತ್ರ ಬಚ್ಚಲುಮನೆಯಲ್ಲಿ ಹಾಡಿದ ಹಾಗಿದೆ.

ಹಾಗಂತ ಕ್ಯಾಪಿಟಲ್ ಮಾಡಿದ್ದೆಲ್ಲ ಕೆಟ್ಟದ್ದು ಎಂದು ತಳ್ಳಿಹಾಕುವ ಹಾಗಿಲ್ಲ. 1965ರ ಡಿಸೆಂಬರಿನ ‘ರಬ್ಬರ್ ಸೋಲ್’ ತೆಗೆದುಕೊಳ್ಳಿ. ಬ್ರಿಟಿಷ್ ತಟ್ಟೆ ‘ಡ್ರೈವ್ ಮೈ ಕಾರ್’ ಎಂಬ ಜಂಬದ, ಎಲೆಕ್ಟ್ರಿಕ್ ಗಿಟಾರಿನ ಹಾಡಿನಿಂದ ಶುರುವಾಗುತ್ತದೆ. ಕ್ಯಾಪಿಟಲ್ ಅದನ್ನೂ ಇನ್ನು ಮೂರನ್ನೂ ತೆಗೆದು, ಬ್ರಿಟನ್ನಿನ ‘ಹೆಲ್ಪ್!’ ಆಲ್ಬಮ್ಮಿನಿಂದ ಎರಡು ಹಾಡು ತಂದು ಹಾಕಿತು. ಅವುಗಳಲ್ಲೊಂದು, ಅಕೂಸ್ಟಿಕ್ ಗಿಟಾರಿನ ಮೇಲೆ ಓಡುವ ‘ಐವ್ ಜಸ್ಟ್ ಸೀನ್ ಎ ಫೇಸ್’, ಮೊದಲ ಹಾಡಾಯಿತು. ಎರಡೂ ತಟ್ಟೆಗಳಲ್ಲಿ ಎರಡನೆಯದು ಹ್ಯಾರಿಸನ್ ಸಿತಾರ್ ನುಡಿಸಿರುವ ‘ನಾರ್ವೇಜಿಯನ್ ವುಡ್’. ಬ್ರಿಟಿಷ್ ತಟ್ಟೆಯಲ್ಲಿ ಆ ಸಿತಾರ್ ಗದ್ದಲದ ಮೇಲೆ ಬಂದು ಚಕ್ಕನೆ ಬೇರೆ ಊರಿಗೆ ಇಳಿಸುತ್ತದೆ. ಅಮೆರಿಕದ್ದರಲ್ಲಿ ಒಂದು ತಂತಿಯಿಂದ ಇನ್ನೊಂದು ತಂತಿಗೆ ದಾಟಿದಷ್ಟೇ ಸಲೀಸು. ಬೀಟಲ್ಸ್‌ನವರು ಜಾನಪದದ ಕಡೆ ವಾಲಿದರು ಎಂದು ಅಮೆರಿಕನ್ನರಿಗೆ ಅನ್ನಿಸಿದ್ದರೆ ಅದರಲ್ಲಿ ಕ್ಯಾಪಿಟಲ್ ಕತ್ತರಿಯ ಪಾಲೂ ಇದೆ. ಹಾಡುಗಳ ಸರಣಿಯ ಮಟ್ಟಿಗೆ ನನಗಂತೂ ಅಮೆರಿಕದ್ದೇ ಹೆಚ್ಚು ಹದವಾಗಿ ಕೇಳಿಸುತ್ತದೆ. ಅದರ ಸ್ಟೀರಿಯೊ (ಸದ್ದನ್ನು ಎರಡು ಸ್ಪೀಕರಿಗೆ ಹಂಚಿದ) ತಟ್ಟೆಯಲ್ಲಿ ‘ಐಯಾಮ್ ಲುಕಿಂಗ್ ಥ್ರೂ ಯೂ’ ಹಾಡಿನ ಗಿಟಾರ್ ಎರಡು ಸಲ ತಪ್ಪಾಗಿ ಶುರುವಾಗಿ ಮೂರನೆಯ ಸಲ ಹಾಡಿಗೆ ಸೇರುತ್ತದೆ. ಅದನ್ನು ಕೇಳಿ ಬೆಳೆದವರಿಗೆ ಆ ತಡವರಿಕೆಯೂ ಹಾಡಿನದೇ ಭಾಗ.

ಈ ಅಮೆರಿಕನ್ ತಟ್ಟೆಯನ್ನು ಕೇಳಿ ತಲೆಕೆಡಿಸಿಕೊಂಡವರು ಬೀಚ್ ಬಾಯ್ಸ್ ತಂಡದ ಬ್ರಯನ್ ವಿಲ್ಸನ್. ಹೊಟ್ಟೆ ತುಂಬಿಸಲು ಹಾಕಿದ ಒಂದು ಹಾಡೂ ಇಲ್ಲ, ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿವೆ ಎಂಬುದು ಅವರನ್ನು ಹಿಡಿದಿಟ್ಟಿತು. 1966ರ ಮೇ ತಿಂಗಳ ‘ಪೆಟ್ ಸೌಂಡ್ಸ್’ ಆಲ್ಬಂ ಅದಕ್ಕೆ ಅವರು ಕೊಟ್ಟ ಉತ್ತರ. ಅದನ್ನು ಕೇಳಿ ಮೆಕಾರ್ಟ್ನಿ ಬೆರಗಾದರು, ಬೀಟಲ್ಸ್‌ನ 1967ರ ‘ಸಾರ್ಜೆಂಟ್ ಪೆಪ್ಪರ್’ ಮೇಲೆ ಅದರ ನೆರಳು ಬಿತ್ತು. ವಿಲ್ಸನ್ ಮೆಚ್ಚಿದ ಆ ಹೊಂದಾಣಿಕೆಯನ್ನು ಅರ್ಧ ಬೀಟಲ್ಸ್, ಅರ್ಧ ಸೆಂಟು ಎಣಿಸುವ ಕಂಪನಿ ಸೇರಿ ಮಾಡಿದ್ದು ಎಂಬ ತಮಾಷೆಯನ್ನು ರಾಕ್ ಇತಿಹಾಸ ಬರೆಯುವವರು ಹಲವರು ಮರೆಯುತ್ತಾರೆ.

ಬೀಟಲ್ಸ್ ಒಬ್ಬರದೇ ಪಾಡಲ್ಲ ಇದು. ರೋಲಿಂಗ್ ಸ್ಟೋನ್ಸ್‌ನ ‘ಆಫ್ಟರ್‌ಮ್ಯಾತ್’ ಅಮೆರಿಕದಲ್ಲಿ ‘ಪೇಂಟ್ ಇಟ್ ಬ್ಲ್ಯಾಕ್’ನಿಂದ ಶುರುವಾದರೆ ಬ್ರಿಟಿಷ್ ತಟ್ಟೆಯಲ್ಲಿ ಆ ಹಾಡೇ ಇಲ್ಲ. ಜಿಮಿ ಹೆಂಡ್ರಿಕ್ಸ್‌ನ ಮೊದಲ ಆಲ್ಬಮ್ಮಿನಲ್ಲಿ ‘ಪರ್ಪಲ್ ಹೇಜ್’ ಇತ್ತೇ ಎಂದು ಕೇಳಿದರೂ ಉತ್ತರ ಎರಡು.

‘ಸಾರ್ಜೆಂಟ್ ಪೆಪ್ಪರ್’ ಹೊತ್ತಿಗೆ ಬೀಟಲ್ಸ್ ಮಟ್ಟಿಗೆ ಹಾಡುಪಟ್ಟಿಯ ಗೊಂದಲ ಬಹುತೇಕ ಮುಗಿಯಿತು. ಆದರೆ ಮಾನೋ (ಸದ್ದೆಲ್ಲ ಒಂದರಲ್ಲೇ), ಸ್ಟೀರಿಯೊ ಎಂಬ ಇನ್ನೊಂದು ತಂಟೆ ಒಳಗೇ ಇತ್ತು. ಬ್ರಿಟನ್ನಿನ ಹರೆಯದವರ ಮನೆಗಳಲ್ಲಿ ಆಗ ಇದ್ದದ್ದು ಹೆಚ್ಚಾಗಿ ಒಂದೇ ಸ್ಪೀಕರಿನ ಪ್ಲೇಯರ್. ಹಾಗಾಗಿ ತಂಡದವರು ಕೂತು, ಕೇಳಿ, ತಿದ್ದಿಸಿದ್ದು ಮಾನೋ ಮಿಕ್ಸ್ ಅನ್ನು, ಅಂದರೆ ದನಿ, ವಾದ್ಯಗಳನ್ನು ಬೆರೆಸಿ ಹದಗೊಳಿಸಿದ ರೂಪವನ್ನು. ಸ್ಟೀರಿಯೊವನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರುಗಳು ಆಮೇಲೆ ಕೆಲವೇ ದಿನಗಳಲ್ಲಿ ಮುಗಿಸಿದರು. ಫಲ ಏನಾಯಿತೆಂದರೆ, ‘ಶೀಸ್ ಲೀವಿಂಗ್ ಹೋಮ್’ ಹಾಡು ಮಾನೋದಲ್ಲಿ ಸುಮಾರು ಅರ್ಧ ಸ್ವರ ಮೇಲಿದೆ, ಚುರುಕಾಗಿ ಸಾಗುತ್ತದೆ. ಸ್ಟೀರಿಯೊದಲ್ಲಿ ಅದೇ ಹಾಡು ಎಳೆದ ಹಾಗೆ, ಅಳುಬುರುಕ. ಆ ಹಾಡು ಅತಿಯಾದ ಕಣ್ಣೀರಿನದು ಎಂದು ಮೂಗು ಮುರಿಯುವವರಿಗೆ ನಾನು ಮೊದಲು ಕೇಳುವುದು ಯಾವ ಮಿಕ್ಸ್ ಎಂದು. ಮರುವರ್ಷ ಬಂದ ಬಿಳಿ ಹೊದಿಕೆಯ ಜೋಡಿ ಆಲ್ಬಮ್ಮಿನ ‘ಹೆಲ್ಟರ್ ಸ್ಕೆಲ್ಟರ್’ ಕೊನೆಯಲ್ಲಿ ಬೆರಳಲ್ಲಿ ಬೊಬ್ಬೆ ಎದ್ದಿವೆ ಎಂದು ತಂಡದ ಡ್ರಮ್ಮರ್ ರಿಂಗೊ ಸ್ಟಾರ್ ಕಿರುಚುವುದು ಸ್ಟೀರಿಯೊದಲ್ಲಿ ಮಾತ್ರ. ಮಾನೋ ತಟ್ಟೆ ಅದಕ್ಕೆ ಮುಂಚೆಯೇ ನಿಲ್ಲುತ್ತದೆ. ಬ್ರಯನ್ ವಿಲ್ಸನ್‌ಗೆ ಬಲಗಿವಿ ಕೇಳಿಸುತ್ತಿರಲಿಲ್ಲ, ‘ಪೆಟ್ ಸೌಂಡ್ಸ್’ ಅನ್ನು ಅವರು ಮಾನೋದಲ್ಲೇ ಮಾಡಿದ್ದು. ಅದರ ನಿಜವಾದ ಸ್ಟೀರಿಯೊ ಮಿಕ್ಸ್ ಹೊರಬಂದದ್ದು 1997ರಲ್ಲಿ.

ನಮ್ಮ ದೇಶದ ಕಥೆ ಬ್ರಿಟನ್ನಿನ ಬಾಲ. ಕೋಲ್ಕತ್ತದ ದಮ್‌ದಮ್‌ನಲ್ಲಿ 1928ರಿಂದ ಇದ್ದ ಎಚ್‌ಎಂವಿಯ ಗ್ರಾಮಫೋನ್ ಕಂಪನಿ ಕಾರ್ಖಾನೆಯಲ್ಲಿ ಅಚ್ಚಾಗುತ್ತಿದ್ದ ಬೀಟಲ್ಸ್ ಎಲ್‌ಪಿಗಳು ಸಾಮಾನ್ಯವಾಗಿ ಬ್ರಿಟಿಷ್ ಹಾಡುಪಟ್ಟಿಯವೇ. ಬೆಂಗಳೂರಿನಲ್ಲಿ ಆ ತಟ್ಟೆ ತಿರುಗಿಸಿದ ಅಣ್ಣನೂ, ಎಪ್ಪತ್ತರ ದಶಕದಲ್ಲಿ ಅಮೆರಿಕ ಸೇರಿ ಅಲ್ಲೇ ಮೊದಲ ತಟ್ಟೆ ಕೊಂಡ ತಮ್ಮನೂ ‘ರಬ್ಬರ್ ಸೋಲ್’ ಬಗ್ಗೆ ಫೋನಿನಲ್ಲಿ ಹೊಡೆದಾಡಿಕೊಂಡರೆ ಅಚ್ಚರಿಪಡಬೇಕಿಲ್ಲ.

1987ರಲ್ಲಿ ಸಿ.ಡಿ.ಗಳು ಬಂದಾಗ ಬ್ರಿಟಿಷ್ ಹಾಡುಪಟ್ಟಿಯೇ ಜಗತ್ತಿಗೆಲ್ಲ ಅಧಿಕೃತವಾಯಿತು. ಆದರೆ ಆಗಲೇ ಮತ್ತೊಂದು ಪದರ ಸೇರಿತು. 1965ರ ‘ರಬ್ಬರ್ ಸೋಲ್’ ಸ್ಟೀರಿಯೊದಲ್ಲಿ ಹಾಡುವ ದನಿ ಬಹುಮಟ್ಟಿಗೆ ಒಂದು ಸ್ಪೀಕರಿನಲ್ಲಿ, ವಾದ್ಯಗಳು ಇನ್ನೊಂದರಲ್ಲಿ. ಹೆಡ್‌ಫೋನ್ ಹಾಕಿಕೊಂಡರೆ ತಲೆ ಒಂದು ಕಡೆ ವಾಲಿದ ಹಾಗಾಗುತ್ತದೆ. ಮಾರ್ಟಿನ್ ಅದನ್ನೂ ‘ಹೆಲ್ಪ್!’ ಅನ್ನೂ ಹೊಸದಾಗಿ ಮಿಕ್ಸ್ ಮಾಡಿದರು. 2009ರ ಮರುಸಂಸ್ಕರಣಕ್ಕೂ ಆಧಾರ ಆ ಹೊಸ ಮಿಕ್ಸೇ. 2015ರ ಕ್ರಿಸ್‌ಮಸ್ ಮುನ್ನಾದಿನ ಬೀಟಲ್ಸ್ ಹಾಡುಗಳು ಸ್ಟ್ರೀಮಿಂಗ್‌ಗೆ ಬಂದಾಗ ಹೊಸಬರ ಕಿವಿಗೆ ಬಿದ್ದ ‘ರಬ್ಬರ್ ಸೋಲ್’ ಕೂಡ ಅದೇ. 1965ರಲ್ಲಿ ಯಾರೂ ಕೇಳಿರದಿದ್ದ ರೂಪ. ಮೂಲ ಸ್ಟೀರಿಯೊ ಬೇಕೆಂದರೆ, ವಿಚಿತ್ರವೆಂದರೆ, 2009ರ ಮಾನೋ ಸಿ.ಡಿ. ಪೆಟ್ಟಿಗೆಯಲ್ಲಿ ಹುಡುಕಬೇಕು, ಅದೇ ತಟ್ಟೆಯಲ್ಲಿ ಮಾನೋದ ಹಿಂದೆ ಸೇರಿಸಿದ್ದಾರೆ.

ಇದರ ನಡುವೆ ‘ಸಾರ್ವಕಾಲಿಕ ಶ್ರೇಷ್ಠ’ ಪಟ್ಟಿಗಳು. ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ ‘ಸಾರ್ಜೆಂಟ್ ಪೆಪ್ಪರ್’ಗೆ ಮೊದಲ ಸ್ಥಾನ ಕೊಟ್ಟು, 2020ರಲ್ಲಿ 24ಕ್ಕೆ ಇಳಿಸಿತು. ‘ಪೆಟ್ ಸೌಂಡ್ಸ್’ ಎರಡೂ ಸಲ ಎರಡನೆಯದು. ಯಾವ ಮಿಕ್ಸ್‌ಗೆ ಅಂಕ ಕೊಟ್ಟದ್ದು ಎಂದು ಪಟ್ಟಿ ಹೇಳುವುದಿಲ್ಲ. 2017ರಲ್ಲಿ ಮಾರ್ಟಿನ್‌ರ ಮಗ ಜೈಲ್ಸ್ ‘ಪೆಪ್ಪರ್’ಗೆ ಹೊಸ ಸ್ಟೀರಿಯೊ ಮಿಕ್ಸ್ ಮಾಡುವಾಗ ಮಾನೋವನ್ನೇ ಮಾದರಿಯಾಗಿಟ್ಟುಕೊಂಡರು, ‘ಶೀಸ್ ಲೀವಿಂಗ್ ಹೋಮ್’ ತನ್ನ ಹಳೆಯ ವೇಗಕ್ಕೆ ಮರಳಿತು. 2022ರಲ್ಲಿ ‘ರಿವಾಲ್ವರ್’ ಸರದಿ: ಒಂದೇ ಟ್ರ್ಯಾಕಿನಲ್ಲಿ ಬೆರೆತುಹೋಗಿದ್ದ ಡ್ರಮ್ಸ್, ಬೇಸ್, ಗಿಟಾರುಗಳನ್ನು ಕಂಪ್ಯೂಟರಿನಿಂದ ಬಿಡಿಸಿ ಮಿಕ್ಸ್ ಮಾಡಿದರು. ಹಾಡುಗಳು ಹದಿನಾಲ್ಕು. ಹನ್ನೊಂದು ಹಾಡಿನ ‘ರಿವಾಲ್ವರ್’ ಬೇಕು ಅನ್ನುವ ಅಮೆರಿಕದ ಹಳಬರು 2014ರಲ್ಲಿ ಬಂದ ಅಮೆರಿಕನ್ ಆಲ್ಬಂಗಳ ಸಿ.ಡಿ. ಪೆಟ್ಟಿಗೆ ಹುಡುಕಬೇಕು, ಇಲ್ಲವೇ ಹಳೆಯ ರೆಕಾರ್ಡಿನ ಅಂಗಡಿಗೆ ಹೋಗಬೇಕು.